ಎರಡನೇ ಸಲ ಬಡಿಸಿದ ಬಟಾಣಿ

ಜನವರಿ ೬

ಚಿಕ್ಕವಳೇ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಅಲ್ಲಿಯೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ಇಷ್ಟು ಬರೆದರೆ ಮರ್ಯಾದೆ ಮುಗಿಯಿತು, ಇನ್ನು ವಿಷಯಕ್ಕೆ ಬರುತ್ತೇನೆ. ಫೋನಿದ್ದೂ ಇವಳೇಕೆ ಕಾಗದ ಬರೆದಳು ಎಂದು ನಿನಗೆ ಆಶ್ಚರ್ಯವಾಗಬಹುದು. ವಾರಗಿತ್ತಿಯರು ಕಾಗದ ಬರೆದುಕೊಳ್ಳುತ್ತಾರೆಂದರೆ ಕೇಳಿದವರೂ ನಕ್ಕಾರು. ಆದರೆ ಫೋನ್ ಮಾಡಿದರೆ ಅತ್ತೆ "ಸ್ಪೀಕರ್ ಹಾಕು, ನಾನೂ ಕೇಳ್ತೀನಿ" ಎಂದು ಪಕ್ಕದಲ್ಲೇ ಕೂರುತ್ತಾರೆ. ಅವರ ವಿಷಯವನ್ನು ಅವರ ಎದುರಿಗೇ ಮಾತಾಡುವುದು ಹೇಗೆ? ಅದಕ್ಕೇ ನಿನ್ನ ಫ್ಯಾಕ್ಟರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನೂ ನನ್ನ ತರಕಾರಿ ಅಂಗಡಿಗೇ ಬರಿ.

ಅತ್ತೆಯ ಕಣ್ಣಿನ ಪೊರೆ ತೆಗೆಸಲು ನಿಮ್ಮ ಊರಿನ ಆಸ್ಪತ್ರೆಯೇ ಒಳ್ಳೆಯದೆಂದು ಅಣ್ಣತಮ್ಮಂದಿರಿಬ್ಬರೂ ತೀರ್ಮಾನಿಸಿದರು. ನಾನು ಬೇಡ ಎನ್ನಲಿಲ್ಲ. ಹನ್ನೊಂದು ವರ್ಷ ನನ್ನ ಜೊತೆಗಿದ್ದವರನ್ನು ಒಂದು ತಿಂಗಳ ಮಟ್ಟಿಗೆ ನಿನ್ನ ಕೈಗೆ ಒಪ್ಪಿಸಿದ್ದೇನೆ, ಅಷ್ಟೇ. ಅವರ ಊಟದ ವಿಷಯ ನಿನಗೆ ಗೊತ್ತಿರಲಾರದು, ಬರೆಯುತ್ತೇನೆ. ಬೀನ್ಸ್ ಮುರಿದರೆ ಚಟ್ ಎನ್ನಬೇಕು, ಬಾಗಿದರೆ ಎಮ್ಮೆಗೆ ಹಾಕು. ಸೊಪ್ಪು ಅಂದಂದಿನದೇ ಆಗಬೇಕು. ಬಟಾಣಿ ಎಂದರೆ ಅವರಿಗೆ ಪ್ರಾಣ. ಮಧ್ಯಾಹ್ನ ಗಿರಾಕಿಗಳು ಕಮ್ಮಿಯಾದ ಮೇಲೆ ತಕ್ಕಡಿಯ ಹಿಂದೆ ಅವರು ಮಣೆ ಹಾಕಿಕೊಂಡು ಕೂರುತ್ತಾರೆ, ನಾನು ಗೋಣಿಚೀಲದ ಮೇಲೆ. ಇಬ್ಬರೂ ಸೇರಿ ಒಂದು ಬುಟ್ಟಿ ಬಟಾಣಿ ಬಿಡಿಸುತ್ತೇವೆ. ಕಣ್ಣು ಮಂಜಾದರೂ ಅವರು ಬಿಡಿಸಿದ ಸಿಪ್ಪೆಯಲ್ಲಿ ಒಂದೇ ಒಂದು ಕಾಳು ಉಳಿದಿರುವುದಿಲ್ಲ. ಅದನ್ನೇ ರಾತ್ರಿ ಬೇಯಿಸಿ ಬಡಿಸುತ್ತೇನೆ.

ನಿನ್ನ ಫ್ಯಾಕ್ಟರಿಯ ಮಂಜುಗಡ್ಡೆ ತರಕಾರಿಯನ್ನು ಮಾತ್ರ ಅವರ ತಟ್ಟೆಗೆ ಹಾಕಬೇಡ. ವಾರಕ್ಕೊಂದು ಬುಟ್ಟಿಯನ್ನು ಬಸ್ಸಿನಲ್ಲಿ ಕಳಿಸುತ್ತೇನೆ, ಎಲ್ಲವನ್ನೂ ನಾನೇ ಆರಿಸಿ.

ಇಂತಿ,
ದೊಡ್ಡವಳು


ಜನವರಿ ೧೩

ಅಕ್ಕನಿಗೆ ನಮಸ್ಕಾರ.

ಬುಟ್ಟಿ ಬಂತು. ಕಂಡಕ್ಟರು ಮರೆತು ಹಿಂದಿನ ಊರಿನಲ್ಲೇ ಇಳಿಸಿಬಿಟ್ಟಿದ್ದರಂತೆ. ನಮ್ಮ ಕೈಗೆ ಸಿಕ್ಕಾಗ ಎರಡನೇ ದಿನದ ಸಂಜೆ. ಟೊಮೆಟೊ ಚೆನ್ನಾಗಿತ್ತು. ತಳದಲ್ಲಿದ್ದ ಬೀನ್ಸ್ ಕಪ್ಪಾಗಿತ್ತು, ಸೊಪ್ಪು ಹಳದಿಯಾಗಿತ್ತು. ನಾನು ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಎಂಟು ಗಂಟೆ ಕಾಲ ಓಡುವ ಬೆಲ್ಟಿನ ಮುಂದೆ ನಿಂತು ಬಟಾಣಿಯಲ್ಲಿ ಹಳದಿ ಕಾಳು, ಸಿಪ್ಪೆ ಚೂರು ಆರಿಸುತ್ತೇನೆ. ಮನೆಗೆ ಬಂದು ಮತ್ತೆ ನಿಮ್ಮ ಸೊಪ್ಪು ಆರಿಸಲು ಕೂತೆ. ಏಳೂವರೆಯಾದರೂ ಮುಗಿಯಲಿಲ್ಲ. ಅತ್ತೆ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಸಿದಿದ್ದರು.

ಕೊನೆಗೆ ನಮ್ಮ ಫ್ಯಾಕ್ಟರಿಯ ಬಟಾಣಿ ಪೊಟ್ಟಣ ಒಂದನ್ನು ಕತ್ತರಿಸಿ ಬಿಸಿನೀರಿಗೆ ಸುರಿದೆ. ಐದೇ ನಿಮಿಷ. ಬೈಸಿಕೊಳ್ಳುತ್ತೇನೆಂದು ಹೆದರಿಕೊಂಡೇ ಬಡಿಸಿದೆ. ಅಕ್ಕ, ಅತ್ತೆ ಎರಡನೇ ಸಲ ಬಡಿಸಿಕೊಂಡರು! ನೀವು ಖುಷಿಪಡುತ್ತೀರೆಂದು ಬರೆಯುತ್ತಿದ್ದೇನೆ.

ಕಣ್ಣಿನ ಆಪರೇಷನ್ ಇಪ್ಪತ್ತನೇ ತಾರೀಕಿಗೆ.

ಇಂತಿ,
ಚಿಕ್ಕವಳು


ಜನವರಿ ೧೬

ಚಿಕ್ಕವಳೇ,

ಎರಡನೇ ಸಲವೇ? ಸರಿಯಾಗಿ ನೋಡಿದೆಯಾ? ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನ್ನ ಕೈಯಿಂದ ಎರಡನೇ ಸಲ ಬಡಿಸಿಕೊಂಡವರಲ್ಲ. ಸೌಟು ತಟ್ಟೆಯ ಹತ್ತಿರ ಹೋದರೆ ಸಾಕು, ಕೈ ಅಡ್ಡ ಹಿಡಿದು "ಸಾಕು, ತೆಗಿ" ಎನ್ನುತ್ತಾರೆ. ಅವರ ಹೊಟ್ಟೆ ಅಷ್ಟೇ ಎಂದು ನಾನು ತಿಳಿದಿದ್ದೆ. ಈಗ ಗೊತ್ತಾಯಿತು, ಹೊಟ್ಟೆ ದೊಡ್ಡದೇ ಇತ್ತು, ನನ್ನ ಕೈ ಸಣ್ಣದಿತ್ತು.

ನನಗೇನೂ ಹೊಟ್ಟೆಕಿಚ್ಚಿಲ್ಲ. ಮಾರುಕಟ್ಟೆಯಲ್ಲಿ ಯಾರನ್ನು ಬೇಕಾದರೂ ಕೇಳು. ಬೆಳಗಿನ ಜಾವ ಎದ್ದು, ಸಗಟು ಮಂಡಿಯಲ್ಲಿ ತಳ್ಳಾಡಿ, ಒಂದೊಂದು ಕಾಯನ್ನೂ ಒತ್ತಿ ನೋಡಿ ತಂದು, ಒದ್ದೆ ಗೋಣಿ ಹೊದಿಸಿ ಮಗುವಿನ ಹಾಗೆ ನೋಡಿಕೊಂಡ ತರಕಾರಿಗಿಂತ ಕತ್ತರಿಯಲ್ಲಿ ಕತ್ತರಿಸಿ ಸುರಿದದ್ದು ರುಚಿಯಾಯಿತೆಂದರೆ ನಾನೇನು ಹೇಳಲಿ? ಹಿತ್ತಲ ಗಿಡ ಮದ್ದಲ್ಲ. ನೀನೂ ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದಂತೆ ಒಂದು ತಿಂಗಳು ಸೇವೆ ಮಾಡು. ತಿಂಗಳಾದ ಮೇಲೆ ಸುಸ್ತು ಗೊತ್ತಾಗುತ್ತದೆ.

ಬುಟ್ಟಿ ಮತ್ತೆ ಕಳಿಸಿದ್ದೇನೆ. ಈ ಸಲ ಕಂಡಕ್ಟರಿಗೆ ನಾನೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ.

ಅತ್ತೆ ನನ್ನ ಬಗ್ಗೆ ಏನಾದರೂ ಕೇಳುತ್ತಾರಾ? ಸುಮ್ಮನೆ ಕೇಳಿದೆ.

ದೊಡ್ಡವಳು


ಜನವರಿ ೨೮

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು, ಆಸ್ಪತ್ರೆಗೆ ಓಡಾಟವಿತ್ತು. ಒಂದು ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಇನ್ನೊಂದನ್ನೂ ಈಗಲೇ ಮಾಡಿಸಿಬಿಡಿ ಎಂದು ಡಾಕ್ಟರು ಹೇಳುತ್ತಾರೆ. ಹಾಗಾಗಿ ಇನ್ನೊಂದು ತಿಂಗಳು ಅತ್ತೆ ಇಲ್ಲೇ ಇರಬೇಕಾಗುತ್ತದೆ. ನನಗೇನೂ ತೊಂದರೆಯಿಲ್ಲ.

ನಿಮ್ಮ ಕಾಗದಕ್ಕೆ ಎದುರುತ್ತರ ಕೊಡಬಾರದು ಎಂದುಕೊಂಡಿದ್ದೆ. ಆದರೂ ಒಂದು ಮಾತು. ನಿಮ್ಮ ಅಂಗಡಿಗೆ ಬರುವ ಬಟಾಣಿಯನ್ನು ಕಿತ್ತು ಎಷ್ಟು ದಿನವಾಗಿರುತ್ತದೆ? ಹೊಲದಿಂದ ಮಂಡಿಗೆ ಒಂದು ದಿನ, ಮಂಡಿಯಿಂದ ನಿಮಗೆ ಒಂದು ದಿನ, ನಿಮ್ಮಿಂದ ಇಲ್ಲಿಗೆ ಎರಡು ದಿನ. ಕಿತ್ತ ಬಟಾಣಿಯ ಸಿಹಿ ದಿನದಿಂದ ದಿನಕ್ಕೆ ಇಳಿಯುತ್ತದೆ. ನಮ್ಮಲ್ಲಿ ಬೆಳಗ್ಗೆ ಕಿತ್ತದ್ದು ಮಧ್ಯಾಹ್ನದೊಳಗೆ ಬಿಸಿನೀರಿನಲ್ಲಿ ಮುಳುಗಿ ಎದ್ದು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಸಿಹಿಗೆ ಓಡಿಹೋಗಲು ಪುರುಸೊತ್ತೇ ಇಲ್ಲ. ಎಲ್ಲವೂ ಹಾಗಲ್ಲ, ಒಪ್ಪುತ್ತೇನೆ. ಸೌತೆಕಾಯಿ, ಟೊಮೆಟೊ ಹೆಪ್ಪುಗಟ್ಟಿಸಿದರೆ ಕರಗಿದಾಗ ಕೆಸರು. ಬೀನ್ಸ್ ಹಲ್ಲಿಗೆ ಕಿರುಗುಟ್ಟುತ್ತದೆ, ಅದನ್ನು ನಾನೂ ಮನೆಗೆ ತರುವುದಿಲ್ಲ. ಕರೆಂಟು ಹೋದರಂತೂ ಎಲ್ಲ ನೀರುಪಾಲು. ಆದರೆ ಬಟಾಣಿಯ ಮಟ್ಟಿಗೆ ನೀವು ಸೋತಿರಿ.

ಹೊಟ್ಟೆ ಉರಿದರೆ ಹೇಳಿ, ಒಂದು ಪೊಟ್ಟಣ ಕಳಿಸುತ್ತೇನೆ, ಮೇಲಿಟ್ಟುಕೊಳ್ಳಿ. ತಮಾಷೆಗೆ ಬರೆದೆ ಅಕ್ಕ, ಕೋಪ ಬೇಡ.

ಇಂತಿ,
ಚಿಕ್ಕವಳು


ಫೆಬ್ರವರಿ ೨

ಚಿಕ್ಕವಳೇ,

ಬಾಯಿಮಾತಿಗೆ ನಾನು ಬಗ್ಗುವವಳಲ್ಲ. ಎದುರಿನ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಒಂದು ಪೊಟ್ಟಣ ಬಟಾಣಿ ತಂದೆ. ತರಕಾರಿ ಮಾರುವವಳೇ ತರಕಾರಿ ಕೊಂಡಳೆಂದು ಗೊತ್ತಾದರೆ ಪಕ್ಕದ ಅಂಗಡಿಯ ಈರುಳ್ಳಿಯವಳು ವರ್ಷವಿಡೀ ಆಡಿಕೊಳ್ಳುತ್ತಾಳೆ. ಅದಕ್ಕೇ ಸೋಪಿನ ಪುಡಿಯ ಕೆಳಗೆ ಬಚ್ಚಿಟ್ಟುಕೊಂಡು ಕಳ್ಳಿಯ ಹಾಗೆ ಬಂದೆ. ಅಷ್ಟರಲ್ಲಿ ಆ ಹಾಳು ಪೊಟ್ಟಣ ಬೆವರಿ ಸೋಪಿನ ಪುಡಿಯೆಲ್ಲ ಮುದ್ದೆಯಾಗಿತ್ತು. ಈರುಳ್ಳಿಯವಳು "ಏನಕ್ಕಾ, ಚೀಲ ಸೋರ್ತಿದೆ" ಎಂದಳು. ಹಾಲು ಎಂದೆ. "ಹಾಲು ಹಸಿರಾ?" ಎಂದಳು. ನಿನ್ನಿಂದ ಇದನ್ನೂ ಕೇಳಬೇಕಾಯಿತು.

ಪರೀಕ್ಷೆ ಮಾಡಿದೆ. ನನ್ನ ಅಂಗಡಿಯ ಒಂದು ಕಿಲೋ ಕಾಯಿ ಬಿಡಿಸಿದೆ. ಕಾಳು ಅರ್ಧ ಕಿಲೋಗೂ ಕಮ್ಮಿ ಬಂತು. ಮಿಕ್ಕದ್ದು ಸಿಪ್ಪೆ, ಮೂರು ಹುಳ. ಇಷ್ಟು ವರ್ಷ ನನ್ನ ಗಿರಾಕಿಗಳು ಸಿಪ್ಪೆಗೂ ದುಡ್ಡು ಕೊಡುತ್ತಿದ್ದಾರೆಂದು ನನಗೇ ಹೊಳೆದಿರಲಿಲ್ಲ. ನಿನ್ನ ಪೊಟ್ಟಣದಲ್ಲಿ ಬಿಸಾಡುವಂಥದ್ದು ಪೊಟ್ಟಣ ಒಂದೇ. ಎರಡನ್ನೂ ಬೇಯಿಸಿ, ಏನೂ ಹೇಳದೆ ನಿನ್ನ ಭಾವನ ಮುಂದೆ ಎರಡು ಬಟ್ಟಲು ಇಟ್ಟೆ. ಅವರು ಒಂದನ್ನು ತೋರಿಸಿ "ಇದು ಸಿಹಿ ಇದೆ" ಎಂದರು. ಯಾವ ಬಟ್ಟಲು ಎಂದು ಬರೆಯುವುದಿಲ್ಲ.

ಆದರೆ ಒಂದು ವಿಷಯ ನಿನ್ನ ಲೆಕ್ಕದಲ್ಲಿ ಇಲ್ಲ. ಒಬ್ಬಳೇ ಬಟಾಣಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಮುಕ್ಕಾಲು ಗಂಟೆ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅತ್ತೆ ಇದ್ದಾಗ ಒಂದಿಡೀ ಬುಟ್ಟಿ ಮುಗಿದದ್ದೇ ತಿಳಿಯುತ್ತಿರಲಿಲ್ಲ. ಊರಿನವರನ್ನೆಲ್ಲ ಆಡಿಕೊಂಡು, ಗಂಡಂದಿರನ್ನು ಬೈದು, ನಕ್ಕು ಮುಗಿಸುವಷ್ಟರಲ್ಲಿ ಬುಟ್ಟಿ ಖಾಲಿ. ಅವರ ಮಣೆ ತಕ್ಕಡಿಯ ಹಿಂದೆ ಹಾಗೇ ಇದೆ. ಅದರ ಮೇಲೆ ಬೆಕ್ಕನ್ನೂ ಕೂರಲು ಬಿಟ್ಟಿಲ್ಲ.

ಹೋದ ಸಲ ಒಂದು ಮಾತು ಕೇಳಿದ್ದೆ, ನೀನು ಉತ್ತರಿಸಲಿಲ್ಲ. ಅತ್ತೆ ನನ್ನ ಬಗ್ಗೆ ಕೇಳುತ್ತಾರಾ?

ದೊಡ್ಡವಳು


ಫೆಬ್ರವರಿ ೧೯

ಅಕ್ಕನಿಗೆ ನಮಸ್ಕಾರ.

ಎರಡನೇ ಕಣ್ಣೂ ಆಯಿತು. ಪಟ್ಟಿ ಇನ್ನೂ ಇದೆ. ಅತ್ತೆ ಆರೋಗ್ಯವಾಗಿದ್ದಾರೆ, ಮುಖದಲ್ಲಿ ಕಳೆ ಬಂದಿದೆ. ಈಗ ಫ್ಯಾಕ್ಟರಿಯಲ್ಲಿ ಹಣ್ಣಿನ ಕೆಲಸ ಶುರುವಾಗಿದೆ. ತೂಕ ತಪ್ಪಿದ ಪೊಟ್ಟಣಗಳನ್ನು ಕೆಲಸದವರಿಗೆ ಕೊಡುತ್ತಾರೆ. ನಿನ್ನೆ ಅನಾನಸ್ ಹೋಳು ತಂದಿದ್ದೆ. ಪೂರ್ತಿ ಕರಗಲು ಬಿಡದೆ ಹರಳು ಹರಳಾಗಿರುವಾಗಲೇ ಕೊಟ್ಟರೆ ಚಿಕ್ಕ ಮಗುವಿನ ಹಾಗೆ ಚೀಪುತ್ತಾರೆ. ಅಂಗಡಿಯಲ್ಲಿ ಹಣ್ಣು ತಂದರೆ ಸಿಪ್ಪೆ, ಮುಳ್ಳು, ನಡುವಿನ ದಿಂಡು ಎಲ್ಲ ಕಳೆದು ಉಳಿಯುವುದೆಷ್ಟು, ನೀವೇ ಹೇಳಿ.

ನಾನು ಬಂದು ಇಪ್ಪತ್ತು ನಿಮಿಷದಲ್ಲಿ ಅಡುಗೆ ಮುಗಿಸುತ್ತೇನೆ. ಉಳಿದ ಹೊತ್ತೆಲ್ಲ ಅತ್ತೆಯ ಜೊತೆಗೇ. ಬುಟ್ಟಿ ಕಳಿಸಿ ನೀವು ಆಯಾಸ ಮಾಡಿಕೊಳ್ಳಬೇಡಿ. ವಾಪಸು ಯಾವಾಗ ಎಂದು ಡಾಕ್ಟರು ಹೇಳಿದ ಮೇಲೆ ನೋಡೋಣ.

ಇಂತಿ,
ಚಿಕ್ಕವಳು

ಹೊಟ್ಟೆ ತಣ್ಣಗಿರಲಿ.


ಫೆಬ್ರವರಿ ೨೩

ಅರ್ಧ ಹಾಳೆ ಖಾಲಿ ಬಿಟ್ಟು ಕೆಳಗೆ ಒಂಟಿ ಸಾಲು ಬರೆದಿದ್ದೀಯ, ನನ್ನ ಕಣ್ಣಿಗೆ ಸರಿಯಾಗಿ ಬೀಳಲಿ ಎಂದು. ಬಿತ್ತು. ಹೊಟ್ಟೆಯ ಮೇಲೆ ಪೊಟ್ಟಣ ಇಟ್ಟುಕೊಳ್ಳಲು ಹೇಳಿದ್ದು ಸಾಲದು, ಈಗ ತಣ್ಣಗಾಯಿತೇ ಎಂದು ಕೇಳುತ್ತಿದ್ದೀಯ. ನಿನಗಿಂತ ಹದಿನಾಲ್ಕು ವರ್ಷ ದೊಡ್ಡವಳು ನಾನು. ನಾಚಿಕೆಯಾಗಬೇಕು.

ಎರಡು ಸಲ ಒಂದೇ ಪ್ರಶ್ನೆ ಕೇಳಿದೆ. ನೀನು ಅನಾನಸ್ ಬಗ್ಗೆ ಬರೆದೆ. ಅದೇ ಉತ್ತರ ಎಂದು ತಿಳಿದುಕೊಂಡಿದ್ದೇನೆ. ಇಟ್ಟುಕೋ. ಮುಖದಲ್ಲಿ ಕಳೆ ಬಂದಿದೆಯಲ್ಲ, ನಿನ್ನಲ್ಲೇ ಇರಲಿ. ಅವರ ಪೆಟ್ಟಿಗೆ, ಹೊದಿಕೆ, ಮಣೆ ಎಲ್ಲವನ್ನೂ ಇವತ್ತಿನ ಬಸ್ಸಿಗೆ ಹಾಕಿದ್ದೇನೆ. ಇಳಿಸಿಕೋ.

ಇನ್ನು ಕಾಗದ ಬೇಡ.


ಮಾರ್ಚ್ ೨೪

ಅಕ್ಕ,

ಎಷ್ಟೋ ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ನಿಮ್ಮ ಮೈದುನನಿಗೆ ಹೇಳಿದರೆ "ನಿಮ್ಮಿಬ್ಬರ ಮಧ್ಯೆ ಬಂದ್ರೆ ನನ್ನ ತಲೆ ಹೋಗುತ್ತೆ" ಎಂದು ಜಾರಿಕೊಂಡರು. ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ.

"ಹೊಟ್ಟೆ ತಣ್ಣಗಿರಲಿ" ಎಂದದ್ದು ನಾನಲ್ಲ, ಅತ್ತೆ.

ನಿಮ್ಮ ಕಾಗದ ನನ್ನ ಚೀಲದಲ್ಲಿ ಅವರ ಕೈಗೆ ಸಿಕ್ಕಿತು. "ದೊಡ್ಡವಳದು ತಾನೇ? ಓದು" ಎಂದರು. ಓದಿದೆ. ನೀವು ಪೊಟ್ಟಣ ಕದ್ದು ತಂದ ಕಥೆಗೆ ಕಣ್ಣಿನ ಪಟ್ಟಿ ಹಿಡಿದುಕೊಂಡು ನಕ್ಕರು. ಮಣೆಯ ಮೇಲೆ ಬೆಕ್ಕನ್ನೂ ಕೂರಲು ಬಿಟ್ಟಿಲ್ಲ ಎಂಬಲ್ಲಿಗೆ ಬಂದಾಗ ನಗು ನಿಂತಿತು. "ಅವಳ ಹೊಟ್ಟೆ ತಣ್ಣಗಿರಲಿ. ನಾನು ಹೇಳಿದೆ ಅಂತ ಬರಿ" ಎಂದರು. ಮನಸಾರೆ ಹರಸಿದ್ದು, ಅಕ್ಕ. ನಾನು ಹಾರೈಕೆ ಬರೆದೆ, ಯಾರದೆಂದು ಬರೆಯಲಿಲ್ಲ. ಹರಿದುಹಾಕಿದ ಮೂರು ಕಾಗದಗಳಲ್ಲಿ ಮರೆತೆ ಎಂದು ಬರೆದಿದ್ದೆ. ಮರೆತಿರಲಿಲ್ಲ. ಹಾಳೆಯಲ್ಲಿ ಜಾಗವಿತ್ತು. ನೀವು ಅದನ್ನು ಹೇಗೆ ಓದುತ್ತೀರೆಂದೂ ಗೊತ್ತಿತ್ತು.

ಅತ್ತೆ ನಿಮ್ಮ ಬಗ್ಗೆ ಕೇಳುತ್ತಾರಾ ಎಂದಿರಿ. ಅವರಿಗೆ ಬೇರೆ ಮಾತೇ ಇರಲಿಲ್ಲ. ಬೆಳಗ್ಗೆ ಎದ್ದರೆ "ದೊಡ್ಡವಳು ಈಗ ಮಂಡೀಲಿ ಇರ್ತಾಳೆ". ಮೋಡವಾದರೆ "ದೊಡ್ಡವಳ ಸೊಪ್ಪು ನೆನೆಯುತ್ತೇನೋ". ನಾನು ಓಡೋಡಿ ಬಂದು, ಬೇಗ ಬೇಗ ಬೇಯಿಸಿ, ಅವರ ಮುಂದೆ ಕೂತರೆ, ಅವರು ನನ್ನ ಬಟಾಣಿ ತಿನ್ನುತ್ತ ನಿಮ್ಮ ಕಥೆ ಹೇಳುತ್ತಿದ್ದರು. ಫ್ಯಾಕ್ಟರಿಯಲ್ಲಿ ನನ್ನ ಬೆರಳು ಮರಗಟ್ಟಿ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಅದನ್ನು ಒಂದು ದಿನವೂ ಕೇಳಲಿಲ್ಲ. ಉರಿಯಲು ನಿಮಗೊಬ್ಬರಿಗೇ ಹೊಟ್ಟೆ ಇರುವುದೇ? ನೀವು ನನ್ನ ಮೇಲೆ ಹೊಟ್ಟೆಕಿಚ್ಚುಪಡುವುದನ್ನು ಓದುವಾಗ ನನಗೆ ಎಷ್ಟು ಹಿತವಾಗುತ್ತಿತ್ತೆಂದರೆ, ನಿಜ ಹೇಳಿ ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಮಾರ್ಚ್ ಒಂದಕ್ಕೆ ಅವರ ಬಸ್ ಟಿಕೆಟ್ ಆಗಿತ್ತು. ಚೀಲ ಕಟ್ಟಿಕೊಂಡು ಕೂತಿದ್ದರು. ಅದಕ್ಕೆ ಮೂರು ದಿನ ಮೊದಲು ಪೆಟ್ಟಿಗೆ ಬಂತು. ಹೊದಿಕೆ ನೋಡಿ ಪಕ್ಕಕ್ಕಿಟ್ಟರು. ಮಣೆಯನ್ನು ಕೈಗೆತ್ತಿಕೊಂಡು "ಇದನ್ನೂ ಕಳಿಸಿಬಿಟ್ಟಳಾ" ಎಂದರು. ಆಮೇಲೆ ಚೀಲ ಬಿಚ್ಚಿದರು.

ಅಂದಿನಿಂದ ನಿಮ್ಮ ಹೆಸರೆತ್ತಿಲ್ಲ. ನನಗೆ ಬೇಕಾಗಿದ್ದು ಅದೇ, ಸಿಕ್ಕಿತು. ಈಗ ಮನೆಯಲ್ಲಿ ಮಾತೇ ಇಲ್ಲ. ಮಾತಾಡಲಿ ಎಂದು ಮೊನ್ನೆ ಎರಡು ಕಿಲೋ ಬಟಾಣಿ ಕಾಯಿ ಕೊಂಡು ತಂದು ಮುಂದಿಟ್ಟೆ. ಬಾಯಿಬಿಡದೆ ಬಿಡಿಸಿದರು. ಸಿಪ್ಪೆಯಲ್ಲೆಲ್ಲ ಕಾಳು ಉಳಿದಿತ್ತು.

ನಾನು ಮಾಡಿದ್ದನ್ನು ನಿನ್ನೆ ಅವರಿಗೆ ಹೇಳಿದೆ. ಅವರು ಬೈಯಲೂ ಇಲ್ಲ. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ, ದಪ್ಪಕ್ಷರವಾದರೆ ಓದುತ್ತಾರೆ. ಅವರಿಗೇ ಬರೆಯಿರಿ. ನಾನು ಒಡೆಯುವುದಿಲ್ಲ.

ಚಿಕ್ಕವಳು


ಮಾರ್ಚ್ ೨೮

ಅತ್ತೆಗೆ,

ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದಿ. ಕಣ್ಣಿಗೆ ಆಯಾಸವಾದರೆ ನಿಲ್ಲಿಸಿ.

ಪೆಟ್ಟಿಗೆ ಕಳಿಸಿದವಳು ನಾನು. ಚಿಕ್ಕವಳು ಬರೆಯದೆ ಬಿಟ್ಟದ್ದು ಅತ್ತೆ ಹೇಳಿದರು ಎಂಬ ಎರಡು ಪದ. ನಾನು ಕಳಿಸಿದ್ದು ನಿಮ್ಮ ಮಣೆ. ಯಾರ ತಪ್ಪು ದೊಡ್ಡದೆಂದು ತೂಗಲು ನನಗೆ ತಕ್ಕಡಿ ಬೇಡ. ಹೊಟ್ಟೆಕಿಚ್ಚಿಲ್ಲ ಎಂದು ಅವಳಿಗೆ ಬರೆದಿದ್ದೆ. ಸುಳ್ಳು. ಅವಳು ಬಡಿಸಿದ್ದನ್ನು ನೀವು ಎರಡನೇ ಸಲ ತಿಂದಿರಿ ಎಂದು ಓದಿದ ದಿನ ನಾನು ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಜೊತೆ ಜಗಳ ಆಡಿದೆ. ಅದರಲ್ಲಿ ಒಬ್ಬರು ಬೆಲೆಯನ್ನೂ ಕೇಳಿರಲಿಲ್ಲ, ದಾರಿ ಕೇಳಿದ್ದರು.

ನನ್ನ ಅಡುಗೆ ನಿಮಗೆ ಸೇರುತ್ತಿರಲಿಲ್ಲವೆಂದರೆ ಬಿಡಿ, ಹನ್ನೊಂದು ವರ್ಷ ಹೇಳದೆ ತಿಂದಿರಿ. ಫ್ರಿಜ್ಜಿನ ಮೇಲಿನ ಖಾನೆ ಖಾಲಿ ಮಾಡಿ ನಾಲ್ಕು ಪೊಟ್ಟಣ ಬಟಾಣಿ ತುಂಬಿಸಿದ್ದೇನೆ. ಈ ಸಲ ಬಚ್ಚಿಡದೆ ಕೈಯಲ್ಲೇ ಹಿಡಿದುಕೊಂಡು ಬಂದೆ, ಈರುಳ್ಳಿಯವಳ ಮುಂದೆಯೇ. ನಿಮಗೆ ಅದೇ ಇಷ್ಟವಾದರೆ ದಿನವೂ ಅದನ್ನೇ ಬೇಯಿಸುತ್ತೇನೆ. ಬನ್ನಿ ಎನ್ನಲು ನನಗೆ ಬಾಯಿಲ್ಲ. ಬಂದರೆ ಸಾಕು.

ದೊಡ್ಡವಳು


ಏಪ್ರಿಲ್ ೩

ದೊಡ್ಡವಳೇ,

ನಾನೇ ಬರೀತಿದೀನಿ. ಸಾಲು ಸೊಟ್ಟ ಹೋದ್ರೆ ನಗಬೇಡ. ಚಿಕ್ಕವಳು ಕೆಲಸಕ್ಕೆ ಹೋಗಿದಾಳೆ, ಅವಳು ಬರೋದ್ರೊಳಗೆ ನಾನೇ ಹೋಗಿ ಡಬ್ಬಿಗೆ ಹಾಕ್ತೀನಿ.

ಆ ನಾಲ್ಕು ಪೊಟ್ಟಣ ಯಾರಿಗಾದ್ರೂ ಕೊಟ್ಟುಬಿಡು. ನನಗೆ ಬಟಾಣಿ ಯಾವತ್ತೂ ಸೇರಲ್ಲ, ನಿಂದೂ ಸೇರಲ್ಲ, ಅವಳದೂ ಸೇರಲ್ಲ. ಬಿಡಿಸೋಕೆ ಕೂತ್ರೆ ನಿನ್ನ ಜೊತೆ ಮಾತಾಡಬಹುದು ಅಂತ ಬಿಡಿಸ್ತಿದ್ದೆ. ನೀನು ಅದನ್ನೇ ರಾತ್ರಿ ಬೇಯಿಸಿ ಹಾಕ್ತಿದ್ದೆ. ಮನಸ್ಸು ನೋಯಬಾರದು ಅಂತ ಒಂದು ಸೌಟು ತಿಂದು ಸಾಕು ಅಂತಿದ್ದೆ.

ಇಲ್ಲಿ ಎರಡನೇ ಸಲ ಬಡಿಸಿಕೊಂಡೆ ಅಂತ ನೀನು ಊರೆಲ್ಲ ಜಗಳ ಆಡಿದೆ. ದಡ್ಡಿ. ಆ ಹುಡುಗಿ ಎಂಟು ಗಂಟೆ ನಿಂತು ಬಂದು, ಬೈತೀನೇನೋ ಅಂತ ಹೆದರಿಕೊಂಡು, ಸೌಟು ಹಿಡ್ಕೊಂಡು ನಿಂತಿದ್ಲು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನೆಂಟರ ಮನೇಲಿ ಬೇಡ ಅನ್ನೋಕಾಗುತ್ತಾ? ನಿನ್ನ ಮನೇಲಿ ಕೈ ಅಡ್ಡ ಹಿಡೀತಿದ್ದೆ. ಅದು ನನ್ನ ಮನೆ, ಅದಕ್ಕೇ.

ಭಾನುವಾರ ಬಾ. ನಿನ್ನ ಮೇಲೆ ಕೋಪ ಹೋಗಿಲ್ಲ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈತೀನಿ.

ನೆಂಟರ ಹಾಗೆ ತಿಂದೆ ಅಂತ ಬರೆದದ್ದನ್ನು ಚಿಕ್ಕವಳಿಗೆ ಮಾತ್ರ ಹೇಳಬೇಡ. ಆ ಎರಡನೇ ಸಲದ್ದೊಂದೇ ಅವಳಿಗೆ ಸಿಕ್ಕಿರೋದು. ಬಂದಾಗ ಅವಳು ಆ ಮಾತು ಎತ್ತೇ ಎತ್ತುತ್ತಾಳೆ. ಆಗ ನೀನು ನನ್ನ ಮುಂದೆ, ಹೊಟ್ಟೆ ಉರೀತಿರೋ ಹಾಗೆ ಮುಖ ಮಾಡ್ಕೊಂಡು ಕೂತಿರಬೇಕು.